ಆಸ್ಪತ್ರೆಯಲ್ಲಿರುವ ಹಿರಿಯರ ಶ್ರವಣ ಸಾಧನ ಕೆಟ್ಟಾಗ

ಮನೆಯ ಹಿರಿಯರು ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರುವ ಸಂದರ್ಭದಲ್ಲಿ ಮನೆಯವರ ಗಮನವೆಲ್ಲ ರೋಗದ ಕಡೆಗೇ ಇರುವುದು ಸಹಜ. ಹೊದಿಕೆ, ತಟ್ಟೆ, ಲೋಟ, ಹಳೆಯ ಔಷಧಿ ಚೀಟಿ ಇವೆಲ್ಲ ಚೀಲಕ್ಕೆ ಸೇರುತ್ತವೆ. ಕಿವಿಯ ಯಂತ್ರ ಮಾತ್ರ ಗೂಡಿನಲ್ಲಿಯೇ ಉಳಿದುಬಿಡುತ್ತದೆ. ಯಂತ್ರ ಜೊತೆಗೆ ಬಂದರೂ ಅದರ ಚಾರ್ಜರ್ ಬಂದಿರುವುದಿಲ್ಲ; ಇಲ್ಲವೆ ಎರಡನೆಯ ದಿನವೇ ಅದು ಮೌನವಾಗಿಬಿಡುತ್ತದೆ. "ಮನೆಗೆ ಹೋದ ಮೇಲೆ ರಿಪೇರಿ ಮಾಡಿಸಿದರಾಯಿತು" ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಆ ಯಂತ್ರ ಅತ್ಯವಶ್ಯವಾಗಿ ಬೇಕಾಗಿರುವುದು ಆಸ್ಪತ್ರೆಯಲ್ಲಿಯೇ.

ಒಂದು ನಿದರ್ಶನವನ್ನು ಊಹಿಸಿಕೊಳ್ಳಿ. ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿಯ ಒಂದು ಹಳ್ಳಿ. ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರು ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. 108ರ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಬಂದಿದ್ದಾರೆ. ಬೆಳಿಗ್ಗೆ ಸುತ್ತು ಬಂದ ವೈದ್ಯರು "ಎಲ್ಲಿ ನೋವು?" ಎಂದು ಕೇಳುತ್ತಾರೆ, ಅಜ್ಜಿ "ಮೂರು ಜನ ಮಕ್ಕಳು" ಎನ್ನುತ್ತಾರೆ. ಸುತ್ತಲಿದ್ದವರು ನಗುತ್ತಾರೆ. ಸಂಜೆಯ ಹೊತ್ತಿಗೆ "ಅಜ್ಜಿಗೆ ಅರಳು ಮರಳು" ಎಂಬ ಮಾತು ವಾರ್ಡಿನಲ್ಲಿ ಹರಡಿರುತ್ತದೆ. ಅಜ್ಜಿಗೆ ಅರಳೂ ಇಲ್ಲ, ಮರಳೂ ಇಲ್ಲ. ಪ್ರಶ್ನೆ ಕೇಳಿಸಲಿಲ್ಲ, ಅಷ್ಟೆ.

ಇದನ್ನು ಕೇವಲ ತಮಾಷೆಯೆಂದು ಭಾವಿಸಬಾರದು. ವಯಸ್ಸಾದವರಿಗೆ ಆಸ್ಪತ್ರೆಯ ಅಪರಿಚಿತ ವಾತಾವರಣದಲ್ಲಿ, ಅದರಲ್ಲೂ ಶಸ್ತ್ರಚಿಕಿತ್ಸೆಯ ನಂತರ, ಬುದ್ಧಿ ಕಲಕಿದಂತಾಗುವ ಸ್ಥಿತಿ ಉಂಟಾಗುವುದುಂಟು. ಕಿವಿ ಕೇಳಿಸದಿರುವುದು ಈ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲೊಂದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ರೋಗಿಗೆ ವಿಷಯ ತಿಳಿಯಬೇಕು. ಮಾತ್ರೆ ಊಟಕ್ಕೆ ಮೊದಲೋ ಅನಂತರವೋ ಎಂಬುದು ಸ್ಪಷ್ಟವಾಗಬೇಕು. ವಯೋಸಹಜ ಕಿವುಡುತನದಲ್ಲಿ ಧ್ವನಿ ಕೇಳಿಸಿದರೂ ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗುವುದರಿಂದ ಮಾತು ಅರ್ಥವಾಗುವುದಿಲ್ಲ. ಸಂಕೋಚದಿಂದ ಹಿರಿಯರು ತಲೆಯಾಡಿಸಿಬಿಡುತ್ತಾರೆ. ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದು ತಿಳಿಯಬಾರದು.

ಕೆಟ್ಟಿರುವುದು ಯಂತ್ರವೋ, ಬೇರೆಯದೋ?

ಯಂತ್ರವನ್ನು ರಿಪೇರಿಗೆ ಕಳುಹಿಸುವ ಮೊದಲು ಹಾಸಿಗೆಯ ಬಳಿಯಲ್ಲಿಯೇ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಕೆಟ್ಟಿದೆ ಎನ್ನುವ ಅನೇಕ ಯಂತ್ರಗಳಲ್ಲಿ ದೋಷವಿರುವುದು ಸೆಲ್ಲಿನಲ್ಲಿ, ಕೊಳವೆಯಲ್ಲಿ ಅಥವಾ ಗುಗ್ಗೆಯಲ್ಲಿ.

ಮೊದಲು ಸೆಲ್. ಕಿವಿಯ ಹಿಂದೆ ಧರಿಸುವ ಯಂತ್ರಗಳಿಗೆ ಗುಂಡಿಯಂತಹ ಸಣ್ಣ ಸೆಲ್ ಇರುತ್ತದೆ. ಅದರ ಮೇಲಿನ ಅಂಟುಪಟ್ಟಿಯ ಬಣ್ಣವೇ ಅಳತೆಯ ಗುರುತು: ಹಳದಿ 10, ಕಂದು 312, ಕಿತ್ತಳೆ 13, ನೀಲಿ 675. ಈ ಸೆಲ್ ಗಾಳಿಯಿಂದ ಕೆಲಸ ಮಾಡುವಂಥದು. ಮೈಮೇಲೆ ಸೂಕ್ಷ್ಮ ರಂಧ್ರಗಳಿರುತ್ತವೆ. ಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು, ಅನಂತರ ಯಂತ್ರದೊಳಗೆ ಹಾಕಬೇಕು. ಒಮ್ಮೆ ಪಟ್ಟಿ ಕಿತ್ತರೆ ಬಳಸಿದರೂ ಬಳಸದಿದ್ದರೂ ಅದರ ಶಕ್ತಿ ಕುಗ್ಗುತ್ತಲೇ ಹೋಗುತ್ತದೆ. ಪಟ್ಟಿಯನ್ನು ಮತ್ತೆ ಅಂಟಿಸಿ ಉಳಿಸಲು ಬರುವುದಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುವ ಸೆಲ್ ನೋಡಲು ಇದರಂತೆಯೇ ಇದ್ದರೂ ಇದಕ್ಕೆ ಬದಲಾಗಲಾರದು. ಹಳೆಯ ಸೆಲ್ಲನ್ನು ಮಾತ್ರೆಗಳ ಪಕ್ಕದಲ್ಲಿ ಎಂದಿಗೂ ಇಡಬೇಡಿ. ಕಣ್ಣು ಮಂಜಾದವರು ಮಾತ್ರೆಯೆಂದು ನುಂಗಿಬಿಡುವ ಸಂಭವವಿದೆ. ನೋಡಲು ಬಂದ ಮಗು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ನುಂಗಿದ ಅನುಮಾನ ಬಂದರೂ ಸಾಕು, ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.

ಹೊಸ ಸೆಲ್ ಹಾಕಿ, ಧ್ವನಿ ಹೆಚ್ಚಿಸಿ, ಯಂತ್ರವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಿರಿ. ಸಿಳ್ಳೆಯ ಶಬ್ದ ಬಂದರೆ ಯಂತ್ರಕ್ಕೆ ಜೀವವಿದೆ. (ಈಚಿನ ಕೆಲವು ಡಿಜಿಟಲ್ ಯಂತ್ರಗಳು ಸಿಳ್ಳೆಯನ್ನು ತಾವೇ ಅಡಗಿಸುತ್ತವೆ, ಅವುಗಳಿಗೆ ಈ ಪರೀಕ್ಷೆ ನಡೆಯದು.) ಯಂತ್ರ ಕೈಯಲ್ಲಿ ಕೂಗುತ್ತದೆ, ಆದರೆ ಕಿವಿಗೆ ಹಾಕಿದರೆ ಕೇಳಿಸುವುದಿಲ್ಲ ಎಂದಾದರೆ, ಕಿವಿಯೊಳಗೆ ಕೂರುವ ಅಚ್ಚಿನ ರಂಧ್ರವನ್ನು ನೋಡಿ. ಅಲ್ಲಿ ಗುಗ್ಗೆ ಕಟ್ಟಿಕೊಂಡಿರಬಹುದು. ಅಚ್ಚನ್ನು ಯಂತ್ರದಿಂದ ಬಿಡಿಸಿ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಬಹುದು. ಯಂತ್ರಕ್ಕೆ ಮಾತ್ರ ನೀರಾಗಲಿ ಸ್ಪಿರಿಟ್ಟಾಗಲಿ ತಾಕಬಾರದು. ಪಾರದರ್ಶಕ ಕೊಳವೆ ಹಳದಿಯಾಗಿ ಬಿರುಸಾಗಿದ್ದರೆ ಅದೊಂದನ್ನೇ ಬದಲಿಸಿದರೆ ಸಾಕು. ಅದು ಕೆಲವೇ ನಿಮಿಷಗಳ, ಅಲ್ಪ ಖರ್ಚಿನ ಕೆಲಸ. ಜೇಬಿನಲ್ಲಿಡುವ ಪೆಟ್ಟಿಗೆಯಂತಹ ಯಂತ್ರವಾದರೆ ವೈರನ್ನು ಅಲುಗಾಡಿಸಿ ನೋಡಿ. ಶಬ್ದ ಬಂದು ಬಂದು ನಿಂತರೆ ವೈರು ಒಳಗೆ ತುಂಡಾಗಿದೆ. ಅದನ್ನೂ ಬಿಡಿಯಾಗಿ ಕೊಳ್ಳಬಹುದು.

ಒಂದು ಎಚ್ಚರಿಕೆ. ಯಂತ್ರ ಸರಿಯಾಗಿದ್ದೂ ಕೇಳಿಸುತ್ತಿಲ್ಲ ಎಂದು ಹಿರಿಯರು ಹೇಳಿದರೆ ಯಂತ್ರವನ್ನು ದೂರಬೇಡಿ, ಕಿವಿಯನ್ನು ತೋರಿಸಿ. ಕಿವಿಯಲ್ಲಿ ಗುಗ್ಗೆ ತುಂಬಿರಬಹುದು; ಅದು ಸುಲಭ ಪರಿಹಾರದ ಮಾತು. ಆದರೆ ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದ ಕೆಲವು ಚುಚ್ಚುಮದ್ದುಗಳು, ಮೂತ್ರ ಹೆಚ್ಚಿಸಲು ರಕ್ತನಾಳಕ್ಕೆ ಕೊಡುವ ಫ್ರುಸೆಮೈಡ್, ವಿಶೇಷವಾಗಿ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ, ಶ್ರವಣಶಕ್ತಿಯನ್ನು ಕುಗ್ಗಿಸಬಲ್ಲವು. ಕಿವಿಯಲ್ಲಿ ಹೊಸದಾಗಿ ಗುಂಯ್‌ಗುಡುವಿಕೆ, ತಲೆಸುತ್ತು, ಒಂದೆರಡು ದಿನಗಳಲ್ಲಿ ಇಳಿದುಹೋದ ಶ್ರವಣ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರಿಗೆ ಹೇಳಿ. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ತಟ್ಟನೆ ಬಂದ ಕಿವುಡುತನಕ್ಕೆ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ದೊರೆತರೇ ಪ್ರಯೋಜನ ಹೆಚ್ಚು. ಅಷ್ಟು ದಿನವೂ "ಯಂತ್ರ ಕೆಟ್ಟಿದೆ" ಎಂದುಕೊಂಡು ಕುಳಿತರೆ ಆ ಅವಕಾಶ ಕೈತಪ್ಪುತ್ತದೆ.

ರಿಪೇರಿಗೆ ಎಲ್ಲಿಗೆ?

ಯಂತ್ರವೇ ಕೆಟ್ಟಿದೆ ಎಂದು ಖಚಿತವಾದರೆ, ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವ ಅಗತ್ಯವಿಲ್ಲ. ಯಂತ್ರ ಒಂದೇ ಪ್ರಯಾಣ ಮಾಡಬಲ್ಲದು. ಬಹಳ ಮನೆಗಳವರಿಗೆ ಈ ಸಂಗತಿ ಹೊಳೆಯುವುದೇ ಇಲ್ಲ.

ಮೊದಲು ದಾಖಲಾಗಿರುವ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ನಿವಾರಣೆ ಮತ್ತು ನಿಯಂತ್ರಣ ಕಾರ್ಯಕ್ರಮದ ಉದ್ದೇಶಗಳಲ್ಲಿ ಜಿಲ್ಲಾ ಮಟ್ಟದಲ್ಲಿ ಶ್ರವಣ ಪರೀಕ್ಷೆಯ ಅನುಕೂಲ ಒದಗಿಸುವುದೂ ಒಂದು. ಶ್ರವಣತಜ್ಞರಿದ್ದರೆ ವಾರ್ಡಿಗೇ ಬಂದು ನೋಡುವಂತೆ ವೈದ್ಯರ ಮೂಲಕ ಕೋರಬಹುದು. ಹೊಸ ಅಚ್ಚಿಗಾಗಿ ಕಿವಿಯ ಪಡಿಯಚ್ಚು ತೆಗೆಯುವ ಕೆಲಸಕ್ಕೆ ಮಾತ್ರ ರೋಗಿಯ ಕಿವಿ ಬೇಕು. ಅದನ್ನು ಹಾಸಿಗೆಯಲ್ಲಿಯೂ ಮಾಡಬಹುದು.

ಸ್ವಂತ ಹಣದಿಂದ ಕೊಂಡ ಯಂತ್ರವಾದರೆ ಕೊಂಡ ಅಂಗಡಿಗೇ ಮೊದಲು ಹೋಗುವುದು ಒಳ್ಳೆಯದು. ವಾರಂಟಿ ಅವಧಿಯಲ್ಲಿ ಬೇರೆಯವರು ಬಿಚ್ಚಿದರೆ ಆ ಹಕ್ಕು ತಪ್ಪಿಹೋಗಬಹುದು. ಬಿಲ್ಲು, ವಾರಂಟಿ ಚೀಟಿ, ಯಂತ್ರದ ಮೇಲಿನ ಕ್ರಮಸಂಖ್ಯೆ, ಹಿಂದಿನ ಶ್ರವಣ ಪರೀಕ್ಷೆಯ ನಕ್ಷೆ, ಇವು ಜೊತೆಗಿರಲಿ. ಡಿಜಿಟಲ್ ಯಂತ್ರವನ್ನು ಆಯಾ ವ್ಯಕ್ತಿಯ ಕಿವಿಗೆ ತಕ್ಕಂತೆ ಹೊಂದಿಸಿರುತ್ತಾರೆ. ರಿಪೇರಿಯ ನಂತರ ಆ ಹೊಂದಿಕೆಯನ್ನು ಮತ್ತೆ ಮಾಡಿಸಬೇಕಾಗುವುದುಂಟು. ಎಷ್ಟು ದಿನ, ಎಷ್ಟು ಹಣ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಅಷ್ಟು ದಿನಕ್ಕೆ ಬದಲಿ ಯಂತ್ರ ಕೊಡುವರೇ ಎಂದೂ ಕೇಳಿ. ಕೇಳಲು ಸಂಕೋಚಪಡಬೇಕಾಗಿಲ್ಲ.

ನಮ್ಮ ರಾಜ್ಯದ ಜನರಿಗೆ ಇನ್ನೊಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಕಿವಿಯ ಅಚ್ಚು ತಯಾರಿಕೆ ಮತ್ತು ಯಂತ್ರಗಳ ರಿಪೇರಿ ಇವೆಲ್ಲ ಒಂದೇ ಆವರಣದಲ್ಲಿ ನಡೆಯುತ್ತವೆ. ಪಂಚನಹಳ್ಳಿಯ ಕಡೆಯವರು ಕಡೂರಿಗೋ ಅರಸೀಕೆರೆಗೋ ಬಂದರೆ ಅಲ್ಲಿಂದ ಹಾಸನದ ಮೂಲಕ ಮೈಸೂರಿಗೆ ರೈಲು ಉಂಟು. ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿದರೆ ಸುಮ್ಮನೆ ಒಂದು ದಿನ ಹಾಳಾಗುವುದು ತಪ್ಪುತ್ತದೆ.

ಸರ್ಕಾರದ ಶಿಬಿರದಲ್ಲಿ ಪಡೆದ ಯಂತ್ರವಾದರೆ ದಾರಿ ಬೇರೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ವರ್ಷ ಮೀರಿದ ಬಡ ಹಿರಿಯರಿಗೆ ಶ್ರವಣ ಸಾಧನವನ್ನು ಉಚಿತವಾಗಿ ಕೊಡಲಾಗುತ್ತದೆ. ಒದಗಿಸುವ ಅಲಿಮ್ಕೋ ಸಂಸ್ಥೆಯೇ ಒಂದು ವರ್ಷ ಉಚಿತ ನಿರ್ವಹಣೆಯ ಹೊಣೆಯನ್ನೂ ಹೊತ್ತಿರುತ್ತದೆ. ಈ ವಿಷಯದಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಹಿರಿಯರ ಸಹಾಯವಾಣಿ 14567ಕ್ಕೂ ಕರೆಮಾಡಬಹುದು.

ಯಂತ್ರ ಬರುವವರೆಗೆ

ರಿಪೇರಿಗೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೂ ಹಿಡಿಯಬಹುದು. ಅಷ್ಟು ದಿನ ಹಿರಿಯರು ಮೌನದಲ್ಲಿ ಮಲಗಿರಬೇಕಾಗಿಲ್ಲ. ಕೂಗಿ ಮಾತನಾಡುವುದರಿಂದ ಪಕ್ಕದ ಹಾಸಿಗೆಯವರಿಗೆ ಮನೆಯ ಗುಟ್ಟು ತಿಳಿಯುತ್ತದೆಯೇ ಹೊರತು ಅಜ್ಜಿಗೆ ತಿಳಿಯುವುದಿಲ್ಲ. ಕೂಗಿದ ಮಾತು ಒಡೆದು ಕೇಳಿಸುತ್ತದೆ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರಿಗೆ ಕುಳಿತು, ಮುಖಗವಸು ಕಡ್ಡಾಯವಲ್ಲದಿದ್ದರೆ ಅದನ್ನು ಸರಿಸಿ, ಚೆನ್ನಾಗಿ ಕೇಳುವ ಕಿವಿಯ ಕಡೆಗೆ ನಿಧಾನವಾಗಿ ಮಾತನಾಡಿ. ಓದು ಬಲ್ಲವರಿಗೆ ದಪ್ಪ ಅಕ್ಷರಗಳಲ್ಲಿ ಬರೆದು ತೋರಿಸಿ. ಇನ್ನೊಂದು ಸರಳ ಉಪಾಯ ವೈದ್ಯರ ಕೊರಳಲ್ಲಿಯೇ ಇದೆ: ಸ್ಟೆತಾಸ್ಕೋಪಿನ ಎರಡು ತುದಿಗಳನ್ನು ರೋಗಿಯ ಕಿವಿಗಿಟ್ಟು, ಎದೆಗೆ ಹಿಡಿಯುವ ಬಿಲ್ಲೆಯ ಬಳಿ ಮೆಲ್ಲಗೆ ಮಾತನಾಡಿದರೆ ಅನೇಕ ಹಿರಿಯರಿಗೆ ಮಾತು ತಿಳಿಯುತ್ತದೆ. ಜೋರಾಗಿ ಮಾತ್ರ ಮಾತನಾಡಬಾರದು.

"ಇವರಿಗೆ ಕಿವಿ ಮಂದ, ಬಲಗಿವಿಯ ಕಡೆ ನಿಧಾನವಾಗಿ ಮಾತನಾಡಿ" ಎಂದು ಬರೆದ ಚೀಟಿಯೊಂದನ್ನು ಹಾಸಿಗೆಯ ತಲೆಭಾಗದಲ್ಲಿ ಅಂಟಿಸಲು ದಾದಿಯರ ಅನುಮತಿ ಪಡೆಯಿರಿ. ರಾತ್ರಿ ಪಾಳಿಗೆ ಹೊಸಬರು ಬಂದಾಗ ಆ ಚೀಟಿಯೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಯಂತ್ರ ರಿಪೇರಿಯಾಗಿ ಬಂದ ಮೇಲೆ ಅದನ್ನು ಕಾಪಾಡುವುದೂ ಒಂದು ಕೆಲಸ. ವಾರ್ಡಿನಲ್ಲಿ ಯಂತ್ರಗಳು ಕೆಡುವುದಕ್ಕಿಂತ ಕಳೆದುಹೋಗುವುದೇ ಹೆಚ್ಚೇನೋ ಎನಿಸುತ್ತದೆ. ದಿಂಬಿನ ಕೆಳಗಿಟ್ಟದ್ದು ಹೊದಿಕೆಯೊಡನೆ ಸುತ್ತಿಕೊಂಡು ಒಗೆಯಲು ಹೋಗುತ್ತದೆ. ಕಾಗದದಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರುತ್ತದೆ. ಹೆಸರು ಬರೆದ ಮುಚ್ಚಳದ ಡಬ್ಬಿಯೊಂದೇ ಅದರ ಜಾಗವಾಗಿರಲಿ. ಎಂಆರ್‌ಐ ಕೋಣೆಗೆ ಹೋಗುವಾಗ ಯಂತ್ರವನ್ನು ತೆಗೆಯಲೇಬೇಕು. ತಲೆಯ ಸಿಟಿ ಸ್ಕ್ಯಾನ್‌ಗೂ ತೆಗೆಯಬೇಕು. ಶಸ್ತ್ರಚಿಕಿತ್ಸೆಯ ದಿನ ಕೊನೆಯ ಗಳಿಗೆಯವರೆಗೂ ಯಂತ್ರ ಕಿವಿಯಲ್ಲಿರಲು, ಎಚ್ಚರವಾದೊಡನೆ ಮತ್ತೆ ಹಾಕಲು ಅವಕಾಶ ಕೊಡುವರೇ ಎಂದು ಮುಂಚಿತವಾಗಿ ಕೇಳಿಕೊಳ್ಳಿ. ಎರಡು ಯಂತ್ರಗಳಿದ್ದರೆ ಕೆಂಪು ಗುರುತಿನದು ಬಲಗಿವಿಗೆ, ನೀಲಿಯದು ಎಡಗಿವಿಗೆ.

ಬಹಳ ದಿನ ಮೌನದಲ್ಲಿದ್ದವರಿಗೆ ವಾರ್ಡಿನ ಗದ್ದಲ ಒಮ್ಮೆಲೇ ಕಿವಿಗೆ ಬಿದ್ದರೆ ಸಹಿಸುವುದಿಲ್ಲ, ಯಂತ್ರವನ್ನು ಕಿತ್ತಿಡುತ್ತಾರೆ. ಆದುದರಿಂದ ಮೊದಲ ದಿನ ಭೇಟಿಯ ವೇಳೆ ಮುಗಿದು ಜನ ಕಡಿಮೆಯಾದ ಹೊತ್ತಿನಲ್ಲಿ, ಧ್ವನಿಯನ್ನು ತಗ್ಗಿಸಿಟ್ಟು, ಅರ್ಧ ಗಂಟೆ ಹಾಕಿ. ಆ ಅರ್ಧ ಗಂಟೆ ಒಬ್ಬರೇ ಕುಳಿತು ಮಾತನಾಡಿ: ಊರಿನ ಮಳೆ, ಮನೆಯ ಹಸು, ಮೊಮ್ಮಕ್ಕಳ ಶಾಲೆ. ಮಾರನೆಯ ದಿನ ಬೆಳಿಗ್ಗೆ ವೈದ್ಯರು ಸುತ್ತು ಬರುವ ಮುನ್ನ ಸೆಲ್ ಪರೀಕ್ಷಿಸಿ ಮತ್ತೆ ಹಾಕಿ.