ಯೋಗ್ಯಾವಿಧಿಯೂ ಉದರಮುಖದ ಶುಶ್ರೂಷೆಯೂ

ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಇಲ್ಲಿಯ ‘ಯೋಗ್ಯಾ’ ಶಬ್ದವು ಕನ್ನಡದಲ್ಲಿ ರೂಢವಾದ, ಅರ್ಹವೆಂಬರ್ಥದ ವಿಶೇಷಣವಲ್ಲ. ಕರ್ಮಾಭ್ಯಾಸವೆಂಬರ್ಥದ ಸ್ತ್ರೀಲಿಂಗ ನಾಮಪದ. ಬಹಳ ಓದಿದವನಾದರೂ ಯೋಗ್ಯಾ ಮಾಡದವನು ಕರ್ಮದಲ್ಲಿ ಅಯೋಗ್ಯನೇ ಎಂದು ಆಚಾರ್ಯನು ಎರಡು ಅರ್ಥಗಳನ್ನೂ ಹೆಣೆದು ಹೇಳಿರುವನು. ಛೇದನಕ್ಕೆ ಕುಂಬಳ, ಸೋರೆ, ಸೌತೆಗಳು. ಭೇದನಕ್ಕೆ ನೀರು ಕೆಸರು ತುಂಬಿದ ತೊಗಲಚೀಲ. ಬಸ್ತಿನಳಿಗೆಯನ್ನು ಸೇರಿಸಲು ನೀರು ತುಂಬಿದ ಕೊಡದ ಪಾರ್ಶ್ವರಂಧ್ರ. ಪಟ್ಟಿ ಕಟ್ಟಲು ಪುಸ್ತಮಯಪುರುಷ, ಎಂದರೆ ಮಣ್ಣು ಬಟ್ಟೆ ಮೊದಲಾದವುಗಳಿಂದ ಮಾಡಿದ ಮನುಷ್ಯಪ್ರತಿಮೆ.

ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಿಕ್ಷಣಕ್ಕಾಗಿ 1911ರಲ್ಲಿ ಮಾರ್ಥಾ ಚೇಸ್ ಎಂಬಾಕೆ ಮಾಡಿಕೊಟ್ಟ ಆಳೆತ್ತರದ ಬೊಂಬೆಯು ಇದೇ ಜಾತಿಯದು. ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಮಾತ್ರ ಆಧಾರವಿಲ್ಲ.

ಇಂದು ಸ್ಟೋಮಾ ಶುಶ್ರೂಷೆಯನ್ನು ಕಲಿಸುವ ಕ್ರಮವೂ ಯೋಗ್ಯಾವಿಧಿಯೇ. ಸ್ಟೋಮಾ ಎಂದರೆ ಗ್ರೀಕ್ ಭಾಷೆಯಲ್ಲಿ ಬಾಯಿ. ಮಲವಿಸರ್ಜನೆಗಾಗಿ ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು ಹೊಲಿದು ಮಾಡಿದ ದ್ವಾರವನ್ನು ಕನ್ನಡದಲ್ಲಿ ಉದರಮುಖವೆಂದರೆ ಸಲ್ಲುವುದು. ಬೊಂಬೆಯ ಮೇಲಿನ ಈ ಕೆಂಪು ಮುಖವನ್ನು ವಿದ್ಯಾರ್ಥಿನಿಯು ಅಳೆದು, ಚೀಲದ ಅಂಟುಬಿಲ್ಲೆಯಲ್ಲಿ ಅದಕ್ಕಿಂತ 2–3 ಮಿಲಿಮೀಟರು ಮಾತ್ರ ಹಿರಿದಾದ ರಂಧ್ರವನ್ನು ಕತ್ತರಿಸಬೇಕು. ಹೆಚ್ಚು ಹಿರಿದಾದರೆ ಮಲರಸವು ತಾಗಿ ಸುತ್ತಲಿನ ಚರ್ಮವು ಹುಣ್ಣಾಗುವುದು. ಸಣ್ಣ ಕರುಳಿನದಾದರೆ ಅದು ಇನ್ನೂ ಬೇಗ. ಕಿರಿದಾದರೆ ಕರುಳೇ ಗಾಯಗೊಳ್ಳುವುದು. ಆ ಕರುಳಿಗೆ ಗಾಯದ ನೋವು ತಿಳಿಯದಾದುದರಿಂದ ರೋಗಿಯೂ ಎಚ್ಚರಿಸಲಾರನು. ಬಣ್ಣವು ಕಪ್ಪಾದರೆ ರಕ್ತಸಂಚಾರ ಕುಂದಿತೆಂದು ತಿಳಿದು ಒಡನೆ ವೈದ್ಯನಿಗೆ ಅರುಹಬೇಕು.

ಬೊಂಬೆಗಾದರೋ ಲಜ್ಜೆಯಿಲ್ಲ, ಚೀಲವನ್ನು ಬಿಚ್ಚುವವಳು ಮುಖ ಸಿಂಡರಿಸಿದರೂ ಅದು ನೊಂದುಕೊಳ್ಳದು. ಈ ಕೊರತೆಯನ್ನು ಕಂಡು ಕೆಲವೆಡೆ ಕೃತಕಮುಖವನ್ನು ರೋಗಿಯ ಪಾತ್ರ ವಹಿಸಿದವರ ಹೊಟ್ಟೆಗೆ ಅಂಟಿಸುವರು. ಮತ್ತೆ ಕೆಲವೆಡೆ ವಿದ್ಯಾರ್ಥಿನಿಯರೇ ಚೀಲವನ್ನು ಧರಿಸಿಕೊಂಡು ಓಡಾಡುವರು.