ರಸ್ತೆ ಕಾಮಗಾರಿಯ ವಿಕಿರಣ ಮಾಪಕ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ರಸ್ತೆಗೆ ಹಾಕಿದ ಮಣ್ಣನ್ನು ರೋಲರ್‌ನಿಂದ ಅದುಮಿದ ನಂತರ, ಅದು ನಿಗದಿತ ಪ್ರಮಾಣದಲ್ಲಿ ಗಟ್ಟಿಯಾಗಿದೆಯೇ ಎಂಬುದನ್ನು ಪರೀಕ್ಷಿಸಿಯೇ ಮುಂದಿನ ಪದರ ಹಾಕಬೇಕು. ಗ್ರಾಮೀಣ ರಸ್ತೆಗಳಲ್ಲಿ ಈ ಪರೀಕ್ಷೆಗೆ ಸಾಮಾನ್ಯವಾಗಿ ಮರಳು ತುಂಬುವ ವಿಧಾನವನ್ನಾಗಲಿ ಕೋರ್ ಕಟ್ಟರ್ ವಿಧಾನವನ್ನಾಗಲಿ ಅನುಸರಿಸಲಾಗುತ್ತದೆ. ಇವೆರಡೂ ಭಾರತೀಯ ಮಾನಕ 2720ರ 28 ಮತ್ತು 29ನೇ ಭಾಗಗಳಲ್ಲಿವೆ. ಹೆದ್ದಾರಿಯಂತಹ ದೊಡ್ಡ ಕಾಮಗಾರಿಗಳಲ್ಲಿ ದಿನಕ್ಕೆ ಹಲವು ಕಡೆ ಪರೀಕ್ಷಿಸಬೇಕಾಗುವುದರಿಂದ, ಒಂದೆರಡು ನಿಮಿಷಗಳಲ್ಲಿ ಫಲಿತಾಂಶ ನೀಡುವ ‘ನ್ಯೂಕ್ಲಿಯರ್ ಡೆನ್ಸಿಟಿ ಗೇಜ್’ ಎಂಬ ಉಪಕರಣವನ್ನೂ ಬಳಸುವುದುಂಟು. ಇದರೊಳಗೆ ವಿಕಿರಣಶೀಲ ವಸ್ತುವಿರುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಮೂಲಕ ರಾಷ್ಟ್ರೀಯ ಹೆದ್ದಾರಿ 44 ಹಾದುಹೋಗುತ್ತದೆ. ಅಂಬಾಜಿದುರ್ಗ ಹೋಬಳಿಯಿಂದ ಗೌರಿಬಿದನೂರಿನವರೆಗೆ ರಸ್ತೆ ಕೆಲಸವೂ ಗುಜರಿ ವ್ಯಾಪಾರವೂ ಹಳ್ಳಿಗರಿಗೆ ಪರಿಚಿತವಾದವು. ಇಂತಹ ಉಪಕರಣವು ಕಾಮಗಾರಿ ಸ್ಥಳದಲ್ಲಿ ಜಖಂಗೊಂಡರೆ ಅಥವಾ ಕಳವಾಗಿ ಗುಜರಿ ಸೇರಿದರೆ ಅದನ್ನು ಮೊದಲು ಕಾಣುವವರು ಊರಿನವರೇ. ಅವರು ವಿಷಯ ತಿಳಿಸಲು ಮೊದಲು ಬರುವುದೂ ತಮ್ಮ ವಾರ್ಡಿನ ಸದಸ್ಯರ ಬಳಿಗೇ. ಆದ್ದರಿಂದ ಈ ವಿವರಣೆ ಅಗತ್ಯವಾಗಿದೆ.

ಉಪಕರಣವು ಕೆಲಸ ಮಾಡುವ ಬಗೆ

ಇದು ಸುಮಾರು 13 ಕಿಲೋ ತೂಕದ, ಮೇಲ್ಭಾಗದಲ್ಲಿ ನೇರವಾದ ಹಿಡಿಯುಳ್ಳ ಪೆಟ್ಟಿಗೆ. ಹಿಡಿಗೆ ಸೇರಿದ ಉಕ್ಕಿನ ಸರಳಿನ ತುದಿಯಲ್ಲಿ ಸೀಸಿಯಂ-137 ಎಂಬ ವಸ್ತುವಿನ ಸಣ್ಣ ಗುಳಿಗೆಯನ್ನು ಉಕ್ಕಿನ ಕೋಶದೊಳಗೆ ಮುಚ್ಚಿ ಬೆಸೆದಿರುತ್ತಾರೆ. ಸರಳನ್ನು ನೆಲದಲ್ಲಿ ಕೊರೆದ ರಂಧ್ರಕ್ಕೆ ಇಳಿಸಿದಾಗ ಅದರಿಂದ ಹೊರಡುವ ಗಾಮಾ ಕಿರಣಗಳು ಮಣ್ಣನ್ನು ಹಾದು ಪೆಟ್ಟಿಗೆಯ ತಳದಲ್ಲಿರುವ ಎಣಿಕೆ ಸಾಧನವನ್ನು ಮುಟ್ಟುತ್ತವೆ. ಮಣ್ಣು ಗಟ್ಟಿಯಾಗಿದ್ದಷ್ಟೂ ಮುಟ್ಟುವ ಕಿರಣಗಳು ಕಡಿಮೆ. ತೇವಾಂಶ ಅಳೆಯಲು ಅಮೆರಿಷಿಯಂ-241 ಮತ್ತು ಬೆರಿಲಿಯಂ ಕೂಡಿದ ಮತ್ತೊಂದು ಆಕರವು ಪೆಟ್ಟಿಗೆಯೊಳಗೇ ಇರುತ್ತದೆ. ಕೆಲಸ ಮುಗಿದ ಮೇಲೆ ಸರಳನ್ನು ಮೇಲೆಳೆದರೆ ಸೀಸಿಯಂ ಗುಳಿಗೆಯು ತನ್ನ ರಕ್ಷಾಕವಚದೊಳಗೆ ಸೇರಿಕೊಳ್ಳುತ್ತದೆ.

ಸೀಸಿಯಂ-137ರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ ಬೇಕು; ಅಮೆರಿಷಿಯಂ-241ಕ್ಕೆ ಸುಮಾರು 432 ವರ್ಷ. ವಿದ್ಯುತ್ ಉಪಕರಣವನ್ನು ಆರಿಸಿದಂತೆ ಇವನ್ನು ಆರಿಸಲಾಗದು. ಉಪಕರಣ ಕೆಟ್ಟು ಮೂಲೆ ಸೇರಿದರೂ ಒಳಗಿನ ಆಕರ ಕೆಟ್ಟಿರುವುದಿಲ್ಲ.

ಅಪಾಯದ ಪ್ರಮಾಣ

ವಿಕಿರಣದ ಬಗ್ಗೆ ಅಲಕ್ಷ್ಯವೂ ಅತಿಯಾದ ಭಯವೂ ಸಲ್ಲದು. ಇಂತಹ ಉಪಕರಣದಲ್ಲಿನ ಸೀಸಿಯಂ ಸಾಮಾನ್ಯವಾಗಿ 0.3 ಗಿಗಾಬೆಕೆರೆಲ್‌ನಷ್ಟಿರುತ್ತದೆ. ಕವಚ ಕಳಚಿದ ಸ್ಥಿತಿಯಲ್ಲೂ 1 ಮೀಟರ್ ದೂರದಲ್ಲಿ ಅದರ ವಿಕಿರಣ ಗಂಟೆಗೆ ಸುಮಾರು 0.025 ಮಿಲಿಸೀವರ್ಟ್. ಸಾರ್ವಜನಿಕರಿಗೆ ನಿಗದಿಪಡಿಸಿದ ವಾರ್ಷಿಕ ಮಿತಿಯಾದ 1 ಮಿಲಿಸೀವರ್ಟ್ ತಲುಪಲು ಅಲ್ಲಿ ಸುಮಾರು 40 ಗಂಟೆ ನಿಲ್ಲಬೇಕಾಗುತ್ತದೆ. ಆದರೆ ಅಂತರ ಕಡಿಮೆಯಾದಂತೆ ತೀವ್ರತೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1 ಸೆಂಟಿಮೀಟರ್ ಅಂತರದಲ್ಲಿ ಅದು ಹತ್ತು ಸಾವಿರ ಪಟ್ಟು. ಆಗ ಅಷ್ಟೇ ವಿಕಿರಣ ಆ ಭಾಗದ ಚರ್ಮಕ್ಕೆ ತಗಲಲು ಸುಮಾರು 15 ಸೆಕೆಂಡು ಸಾಕು. ದಾರಿಯಲ್ಲಿ ಹೋಗುವವನಿಗೆ ಅಪಾಯ ಅತ್ಯಲ್ಪ. ಗುಳಿಗೆಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡವನಿಗೆ ಅಪಾಯ ನಿಜ.

ಹಿಂದಿನ ಘಟನೆಗಳು ಕಲಿಸುವುದೇನು?

ಇಂತಹ ಮಾಪಕಗಳಿಗೆ ಸಂಬಂಧಿಸಿದಂತೆ ಹೆಚ್ಚಾಗಿ ವರದಿಯಾಗುವ ಅವಘಡಗಳು ಎರಡು: ನೆಲದ ಮೇಲಿಟ್ಟ ಉಪಕರಣದ ಮೇಲೆ ರೋಲರ್ ಅಥವಾ ಟಿಪ್ಪರ್ ಹರಿಯುವುದು, ಮತ್ತು ವಾಹನದಲ್ಲಿ ಬಿಟ್ಟುಹೋದ ಉಪಕರಣ ಕಳವಾಗುವುದು. ಕಳವು ತಡೆಯಲೆಂದೇ ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು 2005ರಲ್ಲಿ ನಿಯಮ ರೂಪಿಸಿ, ಯಾರೂ ಕಾವಲಿರದ ವೇಳೆ ಇವುಗಳಿಗೆ ಕನಿಷ್ಠ ಎರಡು ಪ್ರತ್ಯೇಕ ಭದ್ರತಾ ವ್ಯವಸ್ಥೆ ಇರಬೇಕೆಂದು ವಿಧಿಸಿತು.

ಸಾಗಣೆಯಲ್ಲಿಯೂ ಆಕರ ಕಳೆದುಹೋಗಬಹುದು. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗಣಿಯೊಂದರಿಂದ ಪರ್ತ್ ನಗರಕ್ಕೆ ಲಾರಿಯಲ್ಲಿ ಸಾಗಿಸುತ್ತಿದ್ದ ಸಾಂದ್ರತಾ ಮಾಪಕವೊಂದು ದಾರಿಯ ಅಲುಗಾಟಕ್ಕೆ ಸಡಿಲಗೊಂಡು, 6 ಮಿಲಿಮೀಟರ್ ಅಗಲ ಹಾಗೂ 8 ಮಿಲಿಮೀಟರ್ ಉದ್ದದ ಸೀಸಿಯಂ ಕೋಶ ಹೊರಬಿತ್ತು. ಅದರ ಪ್ರಮಾಣ 19 ಗಿಗಾಬೆಕೆರೆಲ್. ಸುಮಾರು 1,400 ಕಿಲೋಮೀಟರ್ ದಾರಿಯನ್ನು ಜಾಲಾಡಿ, ಫೆಬ್ರವರಿ 1ರಂದು ರಸ್ತೆಯಂಚಿನಲ್ಲಿ ಅದನ್ನು ಪತ್ತೆ ಹಚ್ಚಲಾಯಿತು. ಕಳೆದುಹೋದ ಸಂಗತಿಯನ್ನು ಬಹಿರಂಗವಾಗಿ ಪ್ರಕಟಿಸಿದ್ದರಿಂದ ಜನ ಎಚ್ಚರದಿಂದಿದ್ದರು. ಯಾರಿಗೂ ಹಾನಿಯಾದ ವರದಿಯಿಲ್ಲ.

ನಮ್ಮ ದೇಶದಲ್ಲಿ ನಡೆದ ಗಂಭೀರ ಘಟನೆ ದೆಹಲಿಯ ಮಾಯಾಪುರಿಯದು. ಅಲ್ಲಿನದು ರಸ್ತೆ ಮಾಪಕವಲ್ಲ. ಬಹಳ ಹೆಚ್ಚು ಶಕ್ತಿಯ ಕೋಬಾಲ್ಟ್-60 ಇದ್ದ ಪ್ರಯೋಗಾಲಯದ ಯಂತ್ರ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ಆ ಯಂತ್ರವನ್ನು 2010ರ ಫೆಬ್ರವರಿಯಲ್ಲಿ ಹಳೆಯ ಸಾಮಾನಿನಂತೆ ಹರಾಜು ಹಾಕಲಾಯಿತು. ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದರು. ಹಲವರು ಅಸ್ವಸ್ಥರಾದರು, ಏಪ್ರಿಲ್‌ನಲ್ಲಿ ಒಬ್ಬರು ಮೃತಪಟ್ಟರು. ಯಂತ್ರ ಕಳವಾಗಿರಲಿಲ್ಲ. ಒಳಗೇನಿದೆ ಎಂದು ಪರಿಶೀಲಿಸದೆ ಹರಾಜಿಗೆ ಸೇರಿಸಿದ್ದೇ ದುರಂತಕ್ಕೆ ದಾರಿಯಾಯಿತು.

ವಿಕಿರಣಕ್ಕೆ ಸಂಬಂಧಿಸದಿದ್ದರೂ ನಮ್ಮ ಜಿಲ್ಲೆಯ ಒಂದು ದುರಂತ ಇದೇ ಪಾಠ ಹೇಳುತ್ತದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಕಲ್ಲು ಗಣಿಗಾರಿಕೆಯ ಸ್ಫೋಟಕಗಳನ್ನು ವಿಲೇವಾರಿ ಮಾಡುವಾಗ ಸಂಭವಿಸಿದ ಸ್ಫೋಟದಲ್ಲಿ ಆರು ಮಂದಿ ಪ್ರಾಣ ಕಳೆದುಕೊಂಡರು. ಅಪಾಯಕಾರಿ ವಸ್ತುವನ್ನು ತಜ್ಞರಿಗೆ ಒಪ್ಪಿಸದೆ ಕೈಗೆ ತೋಚಿದಂತೆ ಸಾಗಹಾಕಲು ಹೊರಟರೆ ಬೆಲೆ ತೆರುವವರು ಸ್ಥಳದಲ್ಲಿ ದುಡಿಯುವವರು.

ಗುರುತಿಸುವುದು ಹೇಗೆ?

ಪೆಟ್ಟಿಗೆಯ ಮೇಲೆ ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನಿನಂತಹ ವಿಕಿರಣ ಚಿಹ್ನೆ ಇರುತ್ತದೆ. ಚಿಹ್ನೆ ಅಳಿಸಿರಲೂಬಹುದು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನೋಡುವ ಸರ್ವೆ ಉಪಕರಣವಾದ ಟೋಟಲ್ ಸ್ಟೇಷನ್‌ನಲ್ಲಿ ಇಂತಹ ವಸ್ತು ಇರುವುದಿಲ್ಲ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ದೇಶದಲ್ಲಿ ವಿಕಿರಣ ಸುರಕ್ಷತೆಯನ್ನು ನಿಯಂತ್ರಿಸುವ ಸಂಸ್ಥೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅದರ ಅನುಮತಿಯಿಲ್ಲದೆ ಯಾವ ಗುತ್ತಿಗೆದಾರರೂ ಇಂತಹ ಉಪಕರಣವನ್ನು ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಲ್ಲಿ ಅದರ ಹೊಣೆ ಹೊತ್ತ ವಿಕಿರಣ ಸುರಕ್ಷತಾ ಅಧಿಕಾರಿ ಇರಬೇಕು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ತಮ್ಮ ವ್ಯಾಪ್ತಿಯಲ್ಲಿ ದೊಡ್ಡ ರಸ್ತೆ ಕಾಮಗಾರಿ ಆರಂಭವಾದಾಗ ಇಂತಹ ಉಪಕರಣ ಬಳಸಲಾಗುವುದೇ ಎಂದು ಗುತ್ತಿಗೆದಾರರನ್ನು ವಿಚಾರಿಸುವುದು. ಬಳಸುವುದಾದರೆ ಸುರಕ್ಷತಾ ಅಧಿಕಾರಿಯ ದೂರವಾಣಿ ಸಂಖ್ಯೆಯನ್ನು ಪಡೆದು ಪಂಚಾಯಿತಿ ಕಚೇರಿಯಲ್ಲಿ ಇರಿಸುವುದು.

2. ಅನಾಥವಾಗಿ ಬಿದ್ದ ಅಥವಾ ಜಖಂಗೊಂಡ ಉಪಕರಣ ಕಂಡುಬಂದರೆ ಮುಟ್ಟದೆ, ಸರಿಸದೆ, ಜನರನ್ನು ಕನಿಷ್ಠ 30 ಮೀಟರ್ ದೂರದಲ್ಲಿ ನಿಲ್ಲಿಸುವುದು. ಹತ್ತಿರ ಹೋಗಿ ಫೋಟೋ ತೆಗೆಯಲು ಯಾರಿಗೂ ಬಿಡಬಾರದು.

3. ಉಪಕರಣದ ಮೇಲೆ ವಾಹನ ಹರಿದಿದ್ದರೆ, ಗಾಯಾಳುಗಳಿದ್ದಲ್ಲಿ ಮೊದಲು ಅವರನ್ನು ಆಸ್ಪತ್ರೆಗೆ ಕಳುಹಿಸಿ, ವಾಹನವನ್ನು ಇದ್ದಲ್ಲಿಯೇ ನಿಲ್ಲಿಸಿರುವುದು. ಚಕ್ರಕ್ಕೆ ಅಂಟಿದ ಮಣ್ಣನ್ನು ಪರೀಕ್ಷಿಸುವವರೆಗೆ ಅದನ್ನು ತೊಳೆಯಬಾರದು.

4. ಕೂಡಲೇ 112ಕ್ಕೆ ಕರೆ ಮಾಡಿ, ತಹಶೀಲ್ದಾರರಿಗೂ ಜಿಲ್ಲಾಧಿಕಾರಿಯವರು ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ತಿಳಿಸುವುದು. ವಸ್ತುವಿನ ಮೇಲೆ ವಿಕಿರಣ ಚಿಹ್ನೆ ಇದ್ದರೆ ಆ ಮಾತನ್ನು ಮೊದಲೇ ಹೇಳುವುದು.

5. ಯಾರಾದರೂ ಅದನ್ನು ಮುಟ್ಟಿದ್ದರೆ ಅವರ ಹೆಸರು ಮತ್ತು ಮುಟ್ಟಿದ ಅವಧಿಯನ್ನು ಬರೆದಿಟ್ಟು ವೈದ್ಯರಿಗೆ ಒದಗಿಸುವುದು. ಚರ್ಮದ ಸುಟ್ಟಗಾಯ ಹಲವು ದಿನಗಳ ನಂತರ ಕಾಣಿಸಿಕೊಳ್ಳಬಹುದು. ವಿಕಿರಣ ತಗಲುವುದು ಅಂಟುರೋಗವಲ್ಲವಾದ್ದರಿಂದ ಅಂಥವರನ್ನು ದೂರವಿಡುವುದು ಸಲ್ಲದು.

6. ಗುಜರಿ ಅಂಗಡಿಯವರಿಗೆ ಈ ಚಿಹ್ನೆಯ ಚಿತ್ರ ತೋರಿಸಿ, ಗುರುತಿಲ್ಲದ ಭಾರವಾದ ಲೋಹದ ಪೆಟ್ಟಿಗೆಯನ್ನು ಒಡೆಯದಂತೆ, ಕರಗಿಸದಂತೆ ತಿಳಿಹೇಳುವುದು. ಪಂಚಾಯಿತಿಯ ಹಳೆಯ ಸಾಮಗ್ರಿಗಳ ಹರಾಜು ಪಟ್ಟಿಗೆ ಒಪ್ಪಿಗೆ ನೀಡುವ ಮೊದಲು ಪ್ರತಿಯೊಂದನ್ನೂ ಕಣ್ಣಾರೆ ನೋಡುವುದು.

ಕೊನೆಯದಾಗಿ ಒಂದು ಮಾತು. ಇಂತಹ ವಸ್ತುವನ್ನು ತಿಳಿಯದೆ ಮನೆಗೆ ತಂದವರು ಅಥವಾ ಕೊಂಡವರು ಪೊಲೀಸರಿಗೆ ಅಂಜಿ ಅದನ್ನು ಕೆರೆಗೋ ಪಾಳುಬಾವಿಗೋ ಎಸೆದರೆ ಅಪಾಯ ಕಾಣದಂತಾಗುವುದೇ ಹೊರತು ಕಡಿಮೆಯಾಗುವುದಿಲ್ಲ. ಬಂದು ಹೇಳಿದವರನ್ನು ಗದರಿಸದೆ, ಅವರ ಜೊತೆ ನಿಂತು ವಿಷಯವನ್ನು ಅಧಿಕಾರಿಗಳಿಗೆ ಮುಟ್ಟಿಸುವ ಭರವಸೆಯನ್ನು ಸದಸ್ಯರು ಮುಂದಿನ ವಾರ್ಡ್ ಸಭೆಯಲ್ಲಿಯೇ ನೀಡುವುದು ಸೂಕ್ತ. ಉಪಕರಣ ಎಲ್ಲಿದೆ ಎಂಬುದು ಹೊಣೆಗಾರರಿಗೆ ತಿಳಿದಿರುವವರೆಗೆ ಅದು ಬರಿಯ ಅಳತೆಯ ಸಾಧನ. ತಿಳಿಯದೆ ಹೋದಾಗ ಮಾತ್ರ ಅದು ಊರಿಗೆ ಆಪತ್ತು.