ಒಡೆದರೂ ಕೂಡಿದರೂ ಅಷ್ಟೇ

ಯಾದಗಿರಿಯ ಕೊಂಕಲ್ ಸೀಮೆಯಲ್ಲಿ ಹತ್ತಿಗೆ ಮೇಲುಗೊಬ್ಬರ ಕೊಡಲು ಬಿಚ್ಚುವ 45 ಕೆ.ಜಿ. ಯೂರಿಯಾ ಚೀಲದಲ್ಲಿ 20 ಕೆ.ಜಿ.ಗೂ ಹೆಚ್ಚು ಸಾರಜನಕವಿದೆ. ಅಷ್ಟೂ ಗಾಳಿಯಿಂದ ಬಂದದ್ದು. ಗಾಳಿಯಲ್ಲಿ ಐದಕ್ಕೆ ನಾಲ್ಕು ಪಾಲು ಸಾರಜನಕವೇ ಇದ್ದರೂ ಅದು ಸುಲಭಕ್ಕೆ ಯಾವುದರ ಜೊತೆಗೂ ಬೆರೆಯುವುದಿಲ್ಲ.

1904ರ ಸುಮಾರಿಗೆ ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ರಸಾಯನವಿಜ್ಞಾನಿ ಫ್ರಿಟ್ಜ್ ಹೇಬರ್, ಸಾರಜನಕವನ್ನು ಜಲಜನಕದ ಜೊತೆ ಕೂಡಿಸಿ ಯೂರಿಯಾಕ್ಕೆ ಮೂಲವಾದ ಅಮೋನಿಯಾ ಮಾಡುವ ಕೆಲಸಕ್ಕೆ ಕೈಹಾಕಿದ್ದು ಉಲ್ಟಾ ದಿಕ್ಕಿನಿಂದ. ಅಮೋನಿಯಾವನ್ನೇ ಸುಮಾರು 1000 ಡಿಗ್ರಿಗೆ ಕಾದ ಕಬ್ಬಿಣದ ಮೇಲೆ ಹಾಯಿಸಿದರು. ಅದು ಸಾರಜನಕ, ಜಲಜನಕವಾಗಿ ಒಡೆಯಿತು. ಆದರೆ ಪೂರ್ತಿ ಅಲ್ಲ, ಚೂರು ಉಳಿಯಿತು. ಆ ಚೂರನ್ನು ಆಮ್ಲದಲ್ಲಿ ಹೀರಿಸಿ ತೆಗೆದು, ಮಿಕ್ಕ ಅನಿಲವನ್ನು ಎರಡನೆಯ ಕೊಳವೆಯ ಕಾದ ಕಬ್ಬಿಣದ ಮೇಲೆ ಬಿಟ್ಟರು. ಅಲ್ಲಿ ಹೆಚ್ಚುಕಡಿಮೆ ಅಷ್ಟೇ ಅಮೋನಿಯಾ ಹೊಸದಾಗಿ ಹುಟ್ಟಿತು! ಒಡೆಯುತ್ತ ಹೋದರೂ ಕೂಡುತ್ತ ಬಂದರೂ ನಿಲ್ಲುವ ಜಾಗ ಒಂದೇ. ಸಮತೋಲನ ಎಂದರೆ ಇದೇ. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗವೂ ಇದೇ.

ಆದರೆ ಸಿಕ್ಕಿದ್ದು ಹತ್ತು ಸಾವಿರಕ್ಕೆ ಒಂದು ಪಾಲಿನಷ್ಟು. ಹೇಬರ್ ಕೈಬಿಟ್ಟರು. 1907ರಲ್ಲಿ ಹ್ಯಾಂಬರ್ಗ್‌ನ ಸಭೆಯಲ್ಲಿ ಇನ್ನೊಬ್ಬ ರಸಾಯನವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್, ಆ ಲೆಕ್ಕವೇ ತಪ್ಪು ಎಂದರು. ತುಂಬಿದ ಸಭೆಯಲ್ಲಿ ಆದ ಆ ನೋವೇ ಹೇಬರ್ ಅವರನ್ನು ಮತ್ತೆ ಕೊಳವೆಯ ಮುಂದೆ ಕೂರಿಸಿತು. ಜೊತೆಗೆ ರಾಬರ್ಟ್ ಲೆ ರೊಸಿನ್ಯೋಲ್ ಎಂಬ ಕುಶಲಿ. ನಾಲ್ಕು ಪಾಲು ಅನಿಲ ಕೂಡಿದರೆ ಎರಡು ಪಾಲು ಅಮೋನಿಯಾ. ಹಾಗಾಗಿ ಒತ್ತಡ ಹೆಚ್ಚಿಸಿದರೆ ತಕ್ಕಡಿ ಅಮೋನಿಯಾದ ಕಡೆ ವಾಲುತ್ತದೆ. ಶಾಖ ಹೆಚ್ಚಾದರೆ ಅಮೋನಿಯಾ ಒಡೆಯುತ್ತದೆ, ಕಡಿಮೆಯಾದರೆ ಕೆಲಸವೇ ಸಾಗದು. ಅವರು ಸುಮಾರು 200 ಪಟ್ಟು ವಾಯುಒತ್ತಡ ಹೇರಿ, ಆಸ್ಮಿಯಂ ಲೋಹವನ್ನು ವೇಗವರ್ಧಕವಾಗಿಟ್ಟರು. ಹುಟ್ಟಿದ ಅಮೋನಿಯಾವನ್ನು ತಣಿಸಿ ಹೊರತೆಗೆದು, ಕೂಡದೆ ಉಳಿದ ಅನಿಲವನ್ನು ಮತ್ತೆ ಒಳಕ್ಕೆ ಕಳಿಸಿದರು. ಸಮತೋಲನ ತಡೆಗೋಡೆಯಾಗಿ ಉಳಿಯಲಿಲ್ಲ.

1909ರ ಜುಲೈ 2ರಂದು ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನ ಆಲ್ವಿನ್ ಮಿಟಾಷ್ ಎದುರಿಗೇ ಅಮೋನಿಯಾ ಹನಿಹನಿಯಾಗಿ ಇಳಿಯಿತು. ಆದರೆ ಆಸ್ಮಿಯಂ ತೀರ ವಿರಳ. ಮಿಟಾಷ್ ಸಾವಿರಾರು ಪರೀಕ್ಷೆ ನಡೆಸಿ ಅಗ್ಗದ ಕಬ್ಬಿಣದ ಮಿಶ್ರಣ ಕಂಡುಕೊಂಡರು. ಅದೇ ಕಂಪನಿಯ ಕಾರ್ಲ್ ಬಾಷ್ 1913ರಲ್ಲಿ ಓಪೌನಲ್ಲಿ ಕಾರ್ಖಾನೆ ನಡೆಸಿದರು. ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಅನ್ನಕ್ಕೆಂದು ಹುಡುಕಿದ್ದು ಸಿಡಿಮದ್ದಿಗೂ ಹೋಯಿತು.

ನಮ್ಮ ನಾಡಿನಲ್ಲಿ ಮಂಗಳೂರಿನ ಪಣಂಬೂರು ಕಾರ್ಖಾನೆ 1976ರಲ್ಲಿ ಇದೇ ದಾರಿಯಲ್ಲಿ ಅಮೋನಿಯಾ, ಯೂರಿಯಾ ತಯಾರಿ ಶುರುಮಾಡಿತು. ಯಾದಗಿರಿಯ ತೊಗರಿಗೆ ಮಾತ್ರ ಅಷ್ಟು ಶಾಖವೂ ಬೇಡ, ಒತ್ತಡವೂ ಬೇಡ. ಬೇರುಗಂಟಿನ ಬ್ಯಾಕ್ಟೀರಿಯಾಗಳು ಮಣ್ಣಿನ ಬಿಸಿಯಲ್ಲೇ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಉಣಿಸುತ್ತವೆ.